ಒಂದೇ ಗ್ಯಾರೇಜು, ಒಂದೇ ಜಾಗ: ಜಾಗ್ವಾರ್ ಇ-ಟೈಪೋ, ಕಾರ್ವೆಟ್ಟೋ?

ಹಾಸನದವ (ಡೆಟ್ರಾಯಿಟ್ ಹತ್ತಿರ) · ಶನಿವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ಮೂವತ್ತು ವರ್ಷದಿಂದ ಇಲ್ಲಿ ಕಾರುಗಳ ಬಿಡಿಭಾಗದ ಕೆಲಸದಲ್ಲಿದ್ದೇನೆ. ಬರುವ ವರ್ಷ ನಿವೃತ್ತಿ. ಇಷ್ಟು ಕಾಲ ಬೇರೆಯವರ ಕಾರಿಗೆ ದುಡಿದದ್ದಾಯಿತು, ಈಗ ನನಗೆಂದು ಒಂದು ಹಳೆಯ ಸ್ಪೋರ್ಟ್ಸ್ ಕಾರು ಬೇಕು. ಗ್ಯಾರೇಜಿನಲ್ಲಿ ಎರಡು ಕಾರು ನಿಲ್ಲುತ್ತವೆ. ಒಂದು ಜಾಗ ನಮ್ಮ ಮನೆಯವರದು. ಹಿಮ ಬೀಳುವ ಊರಿನಲ್ಲಿ ಆ ಜಾಗದ ಮಾತೆತ್ತುವ ಧೈರ್ಯ ನನಗಿಲ್ಲ. ಉಳಿದದ್ದು ಒಂದೇ.

ಮನಸ್ಸಿನಲ್ಲಿ ಎರಡು ಕಾರುಗಳಿವೆ. ಒಂದು, 1961ರಿಂದ 67ರವರೆಗಿನ ಬ್ರಿಟಿಷ್ ಕಾರು ಜಾಗ್ವಾರ್ ಇ-ಟೈಪ್. ಇನ್ನೊಂದು, 1963ರಿಂದ 67ರವರೆಗಿನ, ಅಮೆರಿಕದ ಜನರಲ್ ಮೋಟಾರ್ಸ್‌ನ ಕಾರ್ವೆಟ್ ಸ್ಟಿಂಗ್ ರೇ. ನಿಜವಾಗಿ ಓಡುವುದು ಯಾವುದು? ನಾಳೆ ಮಗಳು ಮಾರಲು ಹೊರಟರೆ ಬೆಲೆ ಉಳಿಸಿಕೊಳ್ಳುವುದು ಯಾವುದು? ಇಷ್ಟೇ ನನ್ನ ಪ್ರಶ್ನೆ.

ಒಂದು ಅಳುಕನ್ನು ಮೊದಲೇ ಹೇಳಿಬಿಡುತ್ತೇನೆ. ಅಪ್ಪನ ಬಳಿ ಹಳೆಯ ಅಂಬಾಸಿಡರ್ ಇತ್ತು. ಮಂಗಳೂರಿನಿಂದ ವಾಪಸು ಶಿರಾಡಿ ಘಾಟಿ ಹತ್ತುವಾಗ ಎರಡು ಕಡೆಯಾದರೂ ನಿಲ್ಲಿಸಿ, ಬಾನೆಟ್ ಎತ್ತಿ, ತೊರೆಯ ನೀರು ಹೊತ್ತು ತಂದು ಸುರಿಯುವುದು ನನ್ನ ಕೆಲಸವಾಗಿತ್ತು. ಬ್ರಿಟಿಷ್ ಎಂಜಿನ್ ಅಂದರೆ ನನಗೆ ಇಂದಿಗೂ ಬಕೆಟ್ ನೆನಪಾಗುತ್ತದೆ.

ಎಣ್ಣೆಕೈ (ಮೈಸೂರು) · ಶನಿವಾರ ಸಂಜೆ

ಹಾಸನದವರೇ, ಅಂಬಾಸಿಡರ್ ಗೊತ್ತಿದ್ದವರಿಗೆ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಅರ್ಧ ಗೊತ್ತಿದ್ದ ಹಾಗೆಯೇ. ನಲವತ್ತು ವರ್ಷ ಸ್ಪ್ಯಾನರ್ ಹಿಡಿದವನ ಮಾತು ಇದು. ನಿಮ್ಮ ತಂದೆಯವರ ಗಾಡಿಯ 1489 ಸಿಸಿ ಎಂಜಿನ್ ಇತ್ತಲ್ಲ, ಅದು ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್. 1955ರಲ್ಲಿ ಅದೇ ಕಂಪನಿಯ ಎಂಜಿ ಹೆಸರಿನಡಿ ಎಂಜಿಎ ಎಂಬ ಎರಡು ಸೀಟಿನ ಚೆಲುವೆ ಬಂದಾಗ ಅದರ ಬಾನೆಟ್ ಕೆಳಗೆ ಇದ್ದದ್ದೂ ಇದೇ 1489 ಸಿಸಿ ಎಂಜಿನ್, ಎರಡು ಎಸ್‌ಯು ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ತೊಟ್ಟು. ಅದನ್ನೇ 1798 ಸಿಸಿಗೆ ಹಿಗ್ಗಿಸಿ ಎಂಜಿಬಿಗೆ ಹಾಕಿದರು. ಆ ಎಂಜಿಬಿ 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಮೇಲೆ ತಯಾರಾಯಿತು.

ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ನೆನಪಿದೆಯೇ? ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡ್‌ನ ಚಾಸಿಯನ್ನು ಮೊಟಕು ಮಾಡಿ ಮೇಲೆ ಬೇರೆ ಮೈ ಕೂರಿಸಿದರೆ ಟ್ರಯಂಫ್ ಸ್ಪಿಟ್‌ಫೈರ್. ಬ್ರಿಟನ್ನಿನ ಸಣ್ಣ ಸ್ಪೋರ್ಟ್ಸ್ ಕಾರುಗಳೆಲ್ಲ ಹೀಗೆಯೇ, ದಿನನಿತ್ಯದ ಮನೆ ಅಡುಗೆಯನ್ನೇ ಹಬ್ಬದ ದಿನ ಬಾಳೆಲೆಯ ಮೇಲೆ ಬಡಿಸಿದಂತೆ. ಆದರೆ ನೀವು ಕೇಳುತ್ತಿರುವ ಜಾಗ್ವಾರ್ ಆ ಪಂಕ್ತಿಯದಲ್ಲ. ಅದರ ವಿಷಯ ಬಲ್ಲವರು ಹೇಳಲಿ. ಎಸ್‌ಯು ಕಾರ್ಬುರೇಟರ್ ಮಾತ್ರ ಅಲ್ಲೂ ಅದೇ. ಒಂದಲ್ಲ, ಮೂರು!

ಕವೆಂಟ್ರಿವಾಸಿ · ಶನಿವಾರ ರಾತ್ರಿ

ಮೊದಲು ಒಂದು ತಮಾಷೆ. ಜಾಗ್ವಾರ್‌ನ ಎಕ್ಸ್‌ಕೆ ಎಂಜಿನ್ ರೂಪಿಸಿದವರಲ್ಲಿ ಒಬ್ಬರು ವಾಲ್ಟರ್ ಹ್ಯಾಸನ್. ಇಂಗ್ಲಿಷಿನಲ್ಲಿ ಬರೆದರೆ ನಿಮ್ಮ ಊರಿನದೇ ಅಕ್ಷರಗಳು. ಹಾಗಾಗಿ ಇ-ಟೈಪ್ ಮೇಲೆ ಹಾಸನದವರಿಗೆ ಹುಟ್ಟಿನಿಂದಲೇ ಹಕ್ಕಿದೆ.

ಯುದ್ಧದ ರಾತ್ರಿಗಳಲ್ಲಿ ಬಾಂಬ್ ಬಿದ್ದರೆ ಬೆಂಕಿ ಆರಿಸಲೆಂದು ಕಾರ್ಖಾನೆಯಲ್ಲಿ ಪಾಳಿ ಕಾಯುತ್ತಿದ್ದ ಹೊತ್ತಿನಲ್ಲಿ ಕಂಪನಿಯ ಒಡೆಯ ವಿಲಿಯಂ ಲಯನ್ಸ್, ಬಿಲ್ ಹೇನ್ಸ್, ಹ್ಯಾಸನ್ ಮುಂತಾದವರು ಕುಳಿತು ಯೋಚಿಸಿದ ಎಂಜಿನ್ ಇದು. 1948ರ ಲಂಡನ್ ಪ್ರದರ್ಶನದಲ್ಲಿ ಎಕ್ಸ್‌ಕೆ 120 ಕಾರಿನೊಳಗೆ ಕಾಣಿಸಿಕೊಂಡಿತು. 3.4 ಲೀಟರ್, ಸಿಲಿಂಡರ್ ತಲೆಯ ಮೇಲೆ ಎರಡು ಕ್ಯಾಮ್‌ಶಾಫ್ಟ್, 160 ಅಶ್ವಶಕ್ತಿ. ಹೆಸರಿನ 120 ಅಂದರೆ ಗಂಟೆಗೆ ಮೈಲಿ. ಅದು ಬೊಗಳೆ ಎಂದವರ ಬಾಯಿ ಮುಚ್ಚಿಸಲು 1949ರ ಮೇ ತಿಂಗಳಲ್ಲಿ ಬೆಲ್ಜಿಯಂನ ಜಬ್ಬೆಕೆ ಹೆದ್ದಾರಿಯಲ್ಲಿ ಗಾಳಿಗಾಜು ಕಳಚಿಟ್ಟು ಗಂಟೆಗೆ 132 ಮೈಲಿಗೂ ಮೇಲೆ ಓಡಿಸಿ ತೋರಿಸಿದರು.

ಇ-ಟೈಪ್ ಬಂದದ್ದು 1961ರ ಮಾರ್ಚ್‌ನಲ್ಲಿ, ಜಿನೀವಾದಲ್ಲಿ. 3.8 ಲೀಟರ್, ಕಂಪನಿ ಹೇಳಿಕೊಂಡದ್ದು 265 ಅಶ್ವಶಕ್ತಿ. ಇಲ್ಲಿನ ಎರಡು ವಾರಪತ್ರಿಕೆಗಳು ಅಳೆದಾಗ ಗಂಟೆಗೆ 150.4 ಮತ್ತು 149.1 ಮೈಲಿ, 60 ಮೈಲಿ ವೇಗ ಮುಟ್ಟಲು 7 ಸೆಕೆಂಡಿನ ಆಸುಪಾಸು. ಆದರೆ ಪತ್ರಿಕೆಯವರ ಕೈಗೆ ಕೊಟ್ಟವು ಚೆನ್ನಾಗಿ ಹದಗೊಳಿಸಿದ ಕಾರುಗಳು. ಅಂಗಡಿಯಿಂದ ಮನೆಗೆ ಬಂದ ಕಾರು 150 ಮುಟ್ಟುತ್ತಿರಲಿಲ್ಲ. ಜಾಗ್ವಾರ್ ತಯಾರಾಗುತ್ತಿದ್ದ ಈ ಊರಿನಲ್ಲಿದ್ದುಕೊಂಡು ಇದನ್ನು ಹೇಳುವುದು ಸ್ವಲ್ಪ ಕಷ್ಟ, ಹೇಳಿದ್ದೇನೆ.

ಜನ ಸಾಮಾನ್ಯವಾಗಿ ಗಮನಿಸದ ಒಂದು ವಿಷಯವಿದೆ. ಯುದ್ಧಕ್ಕೆ ಮುಂಚೆ ಬ್ರಿಟನ್ನಿನಲ್ಲಿ ಕಾರಿನ ತೆರಿಗೆಯನ್ನು ಸಿಲಿಂಡರ್‌ನ ಅಗಲ ನೋಡಿ ಹಾಕುತ್ತಿದ್ದರು. ಪಿಸ್ಟನ್ ಎಷ್ಟು ಎತ್ತರಕ್ಕೆ ಹೋಗುತ್ತದೆ ಎಂಬುದು ಲೆಕ್ಕಕ್ಕಿಲ್ಲ. ಎಂಜಿನಿಯರುಗಳು ಸಿಲಿಂಡರನ್ನು ಕಿರಿದು ಮಾಡಿ ಎತ್ತರ ಬೆಳೆಸಿದರು. ಆ ತೆರಿಗೆ ಯುದ್ಧ ಮುಗಿದ ಮೇಲೆ ಹೋಯಿತು, ಅಭ್ಯಾಸ ಹೋಗಲಿಲ್ಲ. ಎಕ್ಸ್‌ಕೆ ಎಂಜಿನ್‌ನಲ್ಲಿ ಮೊದಲ 3.4 ಲೀಟರಿನದರ ಅಗಲ 83 ಮಿಲಿಮೀಟರ್, ಪಿಸ್ಟನ್ ಓಟ 106. ಅದೇ 1963ರ ಕಾರ್ವೆಟ್‌ನ 327 ಘನ ಅಂಗುಲದ ಎಂಜಿನ್‌ನಲ್ಲಿ ಅಗಲ 101.6, ಓಟ 82.6. ಒಂದು ಎತ್ತರದ ಚೊಂಬು, ಇನ್ನೊಂದು ಅಗಲದ ಬೋಗುಣಿ. ಬ್ರಿಟಿಷ್ ಎಂಜಿನ್ ಚುರುಕಾಗಿ ಸುತ್ತುತ್ತದೆ, ಅಮೆರಿಕದ್ದು ಸೋಮಾರಿಯಾಗಿ ಎಳೆಯುತ್ತದೆ ಎಂದು ನಾವು ಅಂದುಕೊಂಡಿರುತ್ತೇವೆ. ಇಲ್ಲಿ ತಿರುಗುಮುರುಗು. ಇ-ಟೈಪ್‌ನ ಮೀಟರಿನಲ್ಲಿ ಕೆಂಪು ಗೆರೆ ನಿಮಿಷಕ್ಕೆ 5,500 ಸುತ್ತಿಗೇ ಶುರುವಾಗುತ್ತದೆ. ಕಾರ್ವೆಟ್‌ನ ಇಂಜೆಕ್ಷನ್ ಎಂಜಿನ್ (ಕಾರ್ಬುರೇಟರ್ ಬದಲು ಪೆಟ್ರೋಲನ್ನು ಚಿಮ್ಮಿಸುವಂಥದ್ದು) ತನ್ನ ಪೂರ್ಣ ಬಲ ಕೊಡುವುದೇ 6,000 ಸುತ್ತಿನಲ್ಲಿ.

ಎಂಟು ಸಿಲಿಂಡರ್ (ಟೆಕ್ಸಸ್) · ಭಾನುವಾರ ಬೆಳಿಗ್ಗೆ

ಕವೆಂಟ್ರಿಯವರೇ ನನ್ನ ಪರ ವಾದಿಸಿದ್ದಾರೆ, ಅವರಿಗೆ ಶರಣು.

ಕಾರ್ವೆಟ್ ಹುಟ್ಟಿದಾಗ ಸ್ಪೋರ್ಟ್ಸ್ ಕಾರು ಆಗಿರಲಿಲ್ಲ ಎಂಬುದನ್ನು ಒಪ್ಪುತ್ತೇನೆ. 1953ರಲ್ಲಿ ಮಿಷಿಗನ್ನಿನ ಫ್ಲಿಂಟ್‌ನಲ್ಲಿ ಕೈಯಲ್ಲೇ ಜೋಡಿಸಿದ್ದು 300. ಎಲ್ಲಕ್ಕೂ ಬಿಳಿ ಮೈ, ಕೆಂಪು ಒಳಾಂಗಣ. ಆರು ಸಿಲಿಂಡರಿನ 150 ಅಶ್ವಶಕ್ತಿಯ ಎಂಜಿನ್‌ಗೆ ಎರಡೇ ಗೇರಿನ ಆಟೋಮ್ಯಾಟಿಕ್. ಎಂಜಿಯಲ್ಲಿ ಗೇರು ಬದಲಿಸಿ ರುಚಿ ಕಂಡವರು ನಕ್ಕಿದ್ದರಲ್ಲಿ ತಪ್ಪಿಲ್ಲ. ಅಮೆರಿಕಕ್ಕೆ ಆ ರುಚಿ ಹತ್ತಿದ್ದೂ ಯುದ್ಧದ ಕಾಲದಲ್ಲಿ ಇಂಗ್ಲೆಂಡಿನಲ್ಲಿದ್ದ ಅಮೆರಿಕದ ಸೈನಿಕರಿಂದಲೇ. ಎಂಜಿ ಟಿಸಿ 1945ರಿಂದ 49ರವರೆಗೆ ತಯಾರಾದದ್ದು ಸುಮಾರು 10,000, ಸ್ಟಿಯರಿಂಗ್ ಬಲಗಡೆಗೇ. ಆದರೂ ಅಮೆರಿಕದವರು ಸುಮಾರು 2,000 ಕಾರು ಕೊಂಡರು.

ಕಾರ್ವೆಟ್ಟಿಗೆ ಜೀವ ತುಂಬಿದವರು ಎಂಜಿನಿಯರ್ ಜೋರಾ ಆರ್ಕಸ್-ಡುಂಟೋವ್. 1955ರಲ್ಲಿ ಎಂಟು ಸಿಲಿಂಡರಿನ ವಿ8 ಎಂಜಿನ್ ಬಂತು, 1957ರಲ್ಲಿ ಫ್ಯೂಯಲ್ ಇಂಜೆಕ್ಷನ್ ಬಂತು. 283 ಘನ ಅಂಗುಲಕ್ಕೆ 283 ಅಶ್ವಶಕ್ತಿ ಎಂದು ಜಾಹೀರಾತಿನಲ್ಲಿ ಕುಣಿದರು. 1960ರಲ್ಲಿ ಫ್ರಾನ್ಸಿನ 24 ಗಂಟೆಗಳ ಲ ಮಾನ್ಸ್ ಸ್ಪರ್ಧೆಯಲ್ಲಿ ಒಂದು ಕಾರ್ವೆಟ್ ಒಟ್ಟಾರೆ ಎಂಟನೆಯದಾಗಿ ಬಂದು ತನ್ನ ವರ್ಗ ಗೆದ್ದಿತು. ಕೊನೆಯ ಗಂಟೆಗಳಲ್ಲಿ ಎಂಜಿನ್ ಕುದಿಯತೊಡಗಿದಾಗ ಮಂಜುಗಡ್ಡೆ ತಂದು ಅದರ ಸುತ್ತ ಒಟ್ಟಿದರು. ಹಾಸನದವರೇ, ನೀವು ಶಿರಾಡಿಯಲ್ಲಿ ಮಾಡಿದ್ದೂ ಅದೇ ಕೆಲಸ, ಮಂಜುಗಡ್ಡೆ ಇರಲಿಲ್ಲ ಅಷ್ಟೆ.

1963ರ ಸ್ಟಿಂಗ್ ರೇಗೆ ಹಿಂದಿನ ಚಕ್ರಗಳೂ ಸ್ವತಂತ್ರ ಸಸ್ಪೆನ್ಷನ್ ಮೇಲೆ ನಿಂತವು. ಇಂಜೆಕ್ಷನ್ ಎಂಜಿನ್ 360 ಅಶ್ವಶಕ್ತಿ, 60 ಮೈಲಿಗೆ ಸುಮಾರು 6 ಸೆಕೆಂಡ್. ಹೊಸ ಕೂಪೆಯ (ಗಟ್ಟಿ ಛಾವಣಿಯದು) ಮೂಲ ಬೆಲೆ 4,257 ಡಾಲರ್. ಇ-ಟೈಪ್‌ಗೆ ಆಗ ಅಮೆರಿಕದಲ್ಲಿ 5,500ಕ್ಕೂ ಮೇಲೆ ತೆರಬೇಕಿತ್ತು. ಇನ್ನೇನು ಬೇಕು?

ಕವೆಂಟ್ರಿವಾಸಿ · ಭಾನುವಾರ ಮಧ್ಯಾಹ್ನ

ಬ್ರೇಕ್ ಬೇಕು ಸ್ವಾಮಿ. ಜಾಗ್ವಾರ್ 1953ರಲ್ಲಿ ಲ ಮಾನ್ಸ್ ಗೆದ್ದದ್ದೇ ಡಿಸ್ಕ್ ಬ್ರೇಕಿನ ಬಲದಿಂದ. ಇ-ಟೈಪ್‌ಗೆ ಮೊದಲ ದಿನದಿಂದಲೇ ನಾಲ್ಕು ಚಕ್ರಕ್ಕೂ ಡಿಸ್ಕ್. ಕಾರ್ವೆಟ್ಟಿಗೆ ನಾಲ್ಕೂ ಡಿಸ್ಕ್ ಬಂದದ್ದು 1965ರ ಮಾದರಿಗೆ. ಅದಕ್ಕೂ ಮುಂಚಿನ ಕಾರ್ವೆಟ್ಟಿನಲ್ಲಿ ಘಾಟಿ ಇಳಿಯುವಾಗ ಡ್ರಮ್ ಕಾದರೆ ದೇವರೇ ಗತಿ.

ನೀವು ಹೇಳಿದ 360, ನಾನು ಹೇಳಿದ 265, ಎರಡನ್ನೂ ಉಪ್ಪು ಹಚ್ಚಿ ನುಂಗಬೇಕು. ಎಂಜಿನನ್ನು ಕಾರಿನಿಂದ ಹೊರಗಿಟ್ಟು, ಬೆಲ್ಟು, ಫಿಲ್ಟರು, ಸೈಲೆನ್ಸರು ಯಾವುದೂ ಇಲ್ಲದೆ ಅಳೆದ ಲೆಕ್ಕ ಅದು. 1972ರಲ್ಲಿ ಅಮೆರಿಕದ ಕಂಪನಿಗಳು ಎಲ್ಲವನ್ನೂ ಜೋಡಿಸಿ ಅಳೆಯತೊಡಗಿದಾಗ ಕಾರ್ವೆಟ್‌ನ ಎಲ್‌ಟಿ-1 ಎಂಜಿನ್ 330ರಿಂದ 255ಕ್ಕೆ ಇಳಿಯಿತು. ಎಂಜಿನ್ ಹೆಚ್ಚುಕಡಿಮೆ ಅದೇ, ತಕ್ಕಡಿ ಬದಲಾಯಿತು.

ಎಂಟು ಸಿಲಿಂಡರ್ · ಭಾನುವಾರ ಮಧ್ಯಾಹ್ನ

ಬ್ರೇಕಿನ ಮಾತು ಒಪ್ಪಿದೆ. ಹಾಸನದವರೇ, ಕಾರ್ವೆಟ್ ಕೊಳ್ಳುವುದಾದರೆ 65, 66, 67. 63ರ ಸೊಗಸು ನೋಡಿ ಮರುಳಾಗಬೇಡಿ.

ಕಡಲತಡಿ (ಮಂಗಳೂರು) · ಭಾನುವಾರ ರಾತ್ರಿ

ನೀವಿಬ್ಬರೂ ಎಂತಕ್ಕೆ ಜಗಳ ಮಾಡುವುದು ಮಾರಾಯರೇ? ಬ್ರಿಟಿಷ್, ಅಮೆರಿಕನ್ ಎಂದು ಬೇಲಿ ಹಾಕಿದ್ದು ನೋಡುವವರು. ಮಾಡಿದವರು ಹಾಕಲಿಲ್ಲ. ಕಾರ್ವೆಟ್ಟಿನ ಜೀವ ಎನ್ನುತ್ತೀರಲ್ಲ, ಆ ಡುಂಟೋವ್ ಜನರಲ್ ಮೋಟಾರ್ಸ್ ಸೇರುವ ಮೊದಲು ಇಂಗ್ಲೆಂಡಿನಲ್ಲಿ ಅಲಾರ್ಡ್ ಕಂಪನಿಯ ಕೆಲಸದಲ್ಲಿದ್ದವರು. ಅಲಾರ್ಡ್ ಮಾಡುತ್ತಿದ್ದದ್ದೇನು? ಲಂಡನ್ನಿನ ಚಾಸಿಗೆ ಅಮೆರಿಕದ ವಿ8. ಕ್ಯಾಡಿಲ್ಯಾಕ್ ಎಂಜಿನ್ ಹಾಕಿದ ಅಲಾರ್ಡ್ 1950ರ ಲ ಮಾನ್ಸ್‌ನಲ್ಲಿ ಮೂರನೆಯದಾಗಿ ಬಂತು.

ಆಮೇಲೆ ಕ್ಯಾರಲ್ ಶೆಲ್ಬಿ. ಟೆಕ್ಸಸ್‌ನ ಈ ಮನುಷ್ಯ 1959ರಲ್ಲಿ ಲ ಮಾನ್ಸ್ ಗೆದ್ದದ್ದು ಬ್ರಿಟಿಷ್ ಆಸ್ಟನ್ ಮಾರ್ಟಿನ್ ಓಡಿಸಿ, ಜೊತೆಗೆ ರಾಯ್ ಸಾಲ್ವಡೋರಿ. ಹೃದಯದ ತೊಂದರೆಯಿಂದ ಸ್ಪರ್ಧೆ ಬಿಟ್ಟ ಮೇಲೆ ಲಂಡನ್ ಪಕ್ಕದ ಥೇಮ್ಸ್ ಡಿಟನ್‌ನ ಎಸಿ ಕಂಪನಿಯ ಹಗುರ ಕಾರಿಗೆ ಫೋರ್ಡ್ ವಿ8 ಕೂರಿಸಿದರು. 1962ರ ಕೋಬ್ರಾ ಅದು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ ಹೊಸ ಸ್ಟಿಂಗ್ ರೇಗಳ ಮುಂದೆ ಮೊದಲ ಸಲ ಇಳಿದು, ಮುನ್ನಡೆಯಲ್ಲಿದ್ದಾಗಲೇ ಹಿಂದಿನ ಚಕ್ರದ ಭಾಗ ಮುರಿದು ನಿಂತಿತು. ಗೆದ್ದದ್ದು ಕಾರ್ವೆಟ್. ಆದರೆ ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ಅವತ್ತೇ ಎಲ್ಲರಿಗೂ ತಿಳಿಯಿತು.

ಬ್ರಿಟನ್ನಿನ ಸನ್‌ಬೀಮ್ ಟೈಗರ್, ಅದರೊಳಗೂ ಫೋರ್ಡ್ ವಿ8. ಇನ್ನೊಂದು ಕಡೆ ಅಮೆರಿಕದ ಬ್ಯೂಕ್‌ನವರು ಬೇಡವೆಂದು ಬಿಟ್ಟ ಅಲ್ಯೂಮಿನಿಯಂ ವಿ8ನ್ನು ಬ್ರಿಟನ್ನಿನ ರೋವರ್ ಕೊಂಡುಕೊಂಡಿತು. ಅದು ಮಾರ್ಗನ್‌ಗೆ ಹೋಯಿತು, ಕೊನೆಗೆ ಎಂಜಿಬಿ ಜಿಟಿಗೂ ಬಂತು. ಮೀನು ನಮ್ಮದು, ಮಸಾಲೆ ಅವರದ್ದು. ರುಚಿ ಬೇಕಾದವನು ಬೇರೆ ಎಂತ ಕೇಳಬೇಕು?

ಹಾಸನದವ · ಸೋಮವಾರ

ಕಡಲತಡಿಯವರೇ, ಕೋಬ್ರಾ ಕೊಳ್ಳುವಷ್ಟು ಬಿಡಿಭಾಗ ನಾನು ಮಾರಲಿಲ್ಲ! ಆದರೆ ನಿಮ್ಮ ಮಾತು ಓದಿದ ಮೇಲೆ ನನ್ನ ಪ್ರಶ್ನೆಯೇ ಸ್ವಲ್ಪ ಬಾಲಿಶ ಅನ್ನಿಸುತ್ತಿದೆ. ವೇಗದ ವಿಚಾರ ಸಾಕು. ಈ ವಯಸ್ಸಿನಲ್ಲಿ 7 ಸೆಕೆಂಡಾದರೇನು, 6 ಆದರೇನು? ಬೆಲೆಯ ವಿಚಾರ ಹೇಳಿ.

ಎಂಟು ಸಿಲಿಂಡರ್ · ಸೋಮವಾರ ರಾತ್ರಿ

ಹಾಗಾದರೆ ನನ್ನ ಕಥೆ ಕೇಳಿ. ಸುಖದ ಕಥೆಯಲ್ಲ.

ಎಂಟು ವರ್ಷದ ಹಿಂದೆ 1966ರ ಕಾರ್ವೆಟ್ ಕೊಂಡೆ. ಎಂಜಿನ್ ಕಾರಿನೊಂದಿಗೇ ಹುಟ್ಟಿದ್ದು, ಸಂಖ್ಯೆಗಳು ತಾಳೆಯಾಗುತ್ತವೆ ಎಂದು ಮಾರಿದವನು ಹೇಳಿದ. ಅವನ ಹೆಸರು ಇಲ್ಲಿ ಬೇಡ. ಕಾರ್ವೆಟ್ ಲೋಕದಲ್ಲಿ ಬೆಲೆ ಕುಳಿತಿರುವುದೇ ಆ ಸಂಖ್ಯೆಗಳಲ್ಲಿ. ಎಂಜಿನ್ನಿನ ಬಲಗಡೆ, ಸಿಲಿಂಡರ್ ಹೆಡ್‌ನ ಮುಂದೆ, ಎರಡು ಬೆರಳು ಅಗಲದ ಒಂದು ಚಪ್ಪಟೆ ಜಾಗ ಇರುತ್ತದೆ. ಅಲ್ಲಿ ಎಂಜಿನ್ನಿನ ಸಂಕೇತವನ್ನೂ ಕಾರಿನ ಕ್ರಮಸಂಖ್ಯೆಯನ್ನೂ ಒತ್ತಿರುತ್ತಾರೆ. ನನ್ನದರಲ್ಲಿ ಎಲ್ಲವೂ ಸರಿಯಾಗಿತ್ತು. ಸಂತೋಷದಿಂದ ಹಣ ಎಣಿಸಿದೆ.

ಎರಡು ವರ್ಷದ ಮೇಲೆ ಕ್ಲಬ್ಬಿನ ಹಿರಿಯರೊಬ್ಬರು ಮನೆಗೆ ಬಂದರು. ಒಂದು ಚಿಂದಿಬಟ್ಟೆಗೆ ಸ್ವಲ್ಪ ಸೀಮೆಎಣ್ಣೆ ಹಾಕಿ ಆ ಜಾಗವನ್ನು ಒರೆಸಿದರು, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರು, ಮಾತಾಡಲಿಲ್ಲ. ನನ್ನನ್ನೂ ಬಗ್ಗಿಸಿ ತೋರಿಸಿದರು. ಕಾರ್ಖಾನೆಯಲ್ಲಿ ಆ ಮೇಲ್ಮೈಯನ್ನು ಮಟ್ಟ ಮಾಡುವ ಯಂತ್ರ ಉದ್ದಕ್ಕೂ ಕೂದಲೆಳೆಯಂಥ ಸಮಾನಾಂತರ ಗೆರೆಗಳನ್ನು ಬಿಟ್ಟಿರುತ್ತದೆ, ಬಾಚಣಿಗೆಯಲ್ಲಿ ಬಾಚಿದ ಹಾಗೆ. ನನ್ನ ಎಂಜಿನ್ ಮೇಲೆ ಆ ಗೆರೆಗಳೇ ಇರಲಿಲ್ಲ. ಉಜ್ಜುಕಾಗದದ ಅಡ್ಡಾದಿಡ್ಡಿ ಗೀರುಗಳು ಮಾತ್ರ. ಆಮೇಲೆ ಅವರು ಎಂಜಿನ್ ಹಿಂಭಾಗದಲ್ಲಿ ಎರಕದ ತಾರೀಕು ಹುಡುಕಿದರು. ಜಿ 14 6 ಎಂದಿತ್ತು. ಜಿ ಅಂದರೆ ಏಳನೆಯ ತಿಂಗಳು: 1966ರ ಜುಲೈ 14. ನನ್ನ ಕಾರು ಕಾರ್ಖಾನೆಯಿಂದ ಹೊರಬಂದದ್ದು ಅದೇ ವರ್ಷ ಮಾರ್ಚ್‌ನಲ್ಲಿ. ಮಗು ಹುಟ್ಟಿ ನಾಲ್ಕು ತಿಂಗಳಿಗೆ ಹೃದಯ ತಯಾರಾಗಿತ್ತು!

ಯಾರೋ ಬೇರೆ ಎಂಜಿನ್ ತಂದು, ಮೇಲಿನ ಸಂಖ್ಯೆ ಉಜ್ಜಿ ಅಳಿಸಿ, ನನ್ನ ಕಾರಿನ ಸಂಖ್ಯೆಯನ್ನು ಒತ್ತಿದ್ದರು. ಕಾರು ಮೊದಲಿನಷ್ಟೇ ಚೆನ್ನಾಗಿ ಓಡುತ್ತಿತ್ತು, ಬೆಲೆ ಮಾತ್ರ ಒಂದೇ ಸಂಜೆಯಲ್ಲಿ ಕುಸಿದಿತ್ತು. ನಾಲ್ಕು ತಿಂಗಳು ಕಾರಿನ ಮುಖ ನೋಡಲಿಲ್ಲ. ಆಮೇಲೆ ಒಂದು ಭಾನುವಾರ ಸುಮ್ಮನೆ ಹೊರಗೆ ತೆಗೆದೆ. ಇನ್ನು ಕಳೆದುಕೊಳ್ಳುವುದಕ್ಕೆ ಏನೂ ಉಳಿದಿರಲಿಲ್ಲವಲ್ಲ, ಮಳೆ ಬಂದರೂ ತಿರುಗಲಿಲ್ಲ. ಅಲ್ಲಿಂದ ಈಚೆಗೆ ಅದನ್ನು ಓಡಿಸಿದಷ್ಟು ನಮ್ಮ ಊರಿನಲ್ಲಿ ಯಾರೂ ತಮ್ಮ ಕಾರ್ವೆಟ್ ಓಡಿಸಿಲ್ಲ.

ಆದ್ದರಿಂದ ಹಾಸನದವರೇ, ಓಡಿಸುವುದಕ್ಕೆ ಬೇಕಾದರೆ ಎಂಜಿನ್ ಬದಲಾಗಿದೆ ಎಂದು ಮಾರುವವನೇ ಬಾಯಿಬಿಟ್ಟು ಹೇಳುವ ಕಾರು ಹುಡುಕಿ. ಅಗ್ಗವಾಗಿ ಸಿಗುತ್ತದೆ. ಇಟ್ಟು ಮಾರುವುದಕ್ಕೆ ಬೇಕಾದರೆ ಟಾರ್ಚು ಮರೆಯಬೇಡಿ.

ಎಣ್ಣೆಕೈ · ಮಂಗಳವಾರ

ಟಾರ್ಚು ಓರೆಯಾಗಿ ಹಿಡಿಯುವ ಆ ಹಿರಿಯರಿಗೆ ನನ್ನ ನಮಸ್ಕಾರ ತಿಳಿಸಿ. ಕಸುಬು ಬಲ್ಲವರು.

ಕವೆಂಟ್ರಿವಾಸಿ · ಮಂಗಳವಾರ

ಬ್ರಿಟಿಷ್ ಕಾರಿನಲ್ಲಿ ಮೋಸ ಅಷ್ಟು ಸಣ್ಣ ಜಾಗದಲ್ಲಿ ಅಡಗುವುದಿಲ್ಲ, ಮೈತುಂಬ ಇರುತ್ತದೆ. ಅದರ ಹೆಸರು ತುಕ್ಕು.

ಕಾರ್ವೆಟ್ಟಿನ ಹೊರಮೈ ಫೈಬರ್ ಗ್ಲಾಸ್, ಕೊಳೆಯುವುದಿಲ್ಲ. (ಒಳಗೆ ಗಾಳಿಗಾಜಿನ ಸುತ್ತ ಉಕ್ಕಿನ ಚೌಕಟ್ಟಿದೆ. ಪಂಜರ ಎಂದೇ ಅದಕ್ಕೆ ಹೆಸರು. ಅದು ಕೊಳೆಯುತ್ತದೆ. ಹೊರಗಿನಿಂದ ಕಾಣದೆ ಕೊಳೆಯುವುದರಿಂದ ಇನ್ನೂ ಅಪಾಯ.) ಎಂಜಿಬಿ, ಇ-ಟೈಪ್ ಎರಡಕ್ಕೂ ಬೇರೆ ಚಾಸಿ ಇಲ್ಲ, ನಡುಭಾಗದಲ್ಲಿ ತಗಡಿನ ಮೈಯೇ ಭಾರ ಹೊರುತ್ತದೆ. ಬಾಗಿಲ ಕೆಳಗಿನ ಹೊಸ್ತಿಲ ಪಟ್ಟಿ ಕೊಳೆತರೆ ಬೆನ್ನುಮೂಳೆ ಕೊಳೆತಂತೆ. ಎಂಜಿಬಿ ನೋಡಲು ಹೋದರೆ ಬಾಗಿಲು ಮುಚ್ಚಿ, ಅದರ ಹಿಂದಿನ ಸಂದಿನಲ್ಲಿ ಬೆರಳಿಡಿ, ಕಾರಿನ ಪಕ್ಕಕ್ಕೆ ಜಾಕ್ ಕೊಟ್ಟು ಎತ್ತಿಸಿ. ಸಂದು ಕಿರಿದಾಗುತ್ತಾ ಬಂದರೆ, ಬಾಗಿಲು ತೆರೆಯಲು ಬಿಗಿಯಾದರೆ, ಚಹಾ ಕುಡಿದು ಧನ್ಯವಾದ ಹೇಳಿ ಹೊರಟುಬಿಡಿ. ಬಣ್ಣ ಎಷ್ಟೇ ಹೊಳೆಯುತ್ತಿರಲಿ. ನಿಮ್ಮ ಮಿಷಿಗನ್ನಿನಲ್ಲಿ ಚಳಿಗಾಲಕ್ಕೆ ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಊರಿನಲ್ಲೇ ಬಾಳಿದ ಕಾರನ್ನು ಎರಡು ಸಲ ನೋಡಿ.

ಇ-ಟೈಪ್‌ನಲ್ಲಿ ಬೆಲೆ ಏರುವುದು ಹೀಗೆ: ಮೊದಲ 500ರಷ್ಟು ಕಾರುಗಳಿಗೆ ಬಾನೆಟ್ ಚಿಲಕ ಹೊರಗಡೆ ಇತ್ತು. ಅವೇ ಎಲ್ಲಕ್ಕಿಂತ ದುಬಾರಿ. ಆರಂಭದ ಕಾರುಗಳ ನೆಲ ಚಪ್ಪಟೆ, ಕಾಲಿಡಲು ಜಾಗವಿಲ್ಲ. ಜನ ದೂರಿದ ಮೇಲೆ ನೆಲವನ್ನು ತಗ್ಗಿಸಿದರು. ಈಗ ಆ ಕಾಲಿಡಲಾಗದ ಕಾರಿಗೇ ಹೆಚ್ಚು ಹಣ! ಓಡಿಸುವವರಿಗೆ 1964ರ ಕೊನೆಯಲ್ಲಿ ಬಂದ 4.2 ಲೀಟರಿನದೇ ಒಳ್ಳೆಯದು. ಮೊದಲಿನ ಗೇರ್‌ಬಾಕ್ಸಿನಲ್ಲಿ ಒಂದನೇ ಗೇರಿಗೆ ಸಿಂಕ್ರೋಮೆಶ್ ಇಲ್ಲ, ಲಾರಿಯ ಹಾಗೆ ಕಿರ್ರೆನ್ನುತ್ತದೆ. 4.2ಕ್ಕೆ ಹೊಸ ಗೇರ್‌ಬಾಕ್ಸ್, ಮೇಲಾದ ಸೀಟು, ಆಲ್ಟರ್ನೇಟರ್.

ದುರಸ್ತಿಯ ವಿಚಾರವನ್ನೂ ಮುಚ್ಚಿಡುವುದಿಲ್ಲ. ಕ್ಲಚ್ ಸವೆದರೆ ಎಂಜಿನ್, ಗೇರ್‌ಬಾಕ್ಸ್ ಎರಡನ್ನೂ ಒಟ್ಟಿಗೆ ಹೊರಗೆ ಎತ್ತಬೇಕು. ಹಿಂದಿನ ಡಿಸ್ಕ್‌ಗಳು ಚಕ್ರದ ಪಕ್ಕದಲ್ಲಿಲ್ಲ, ನಡುವೆ ಡಿಫರೆನ್ಷಿಯಲ್ ಪಕ್ಕ ಕುಳಿತಿವೆ. ಅವನ್ನು ಬದಲಿಸಲು ಹಿಂದಿನ ಚೌಕಟ್ಟನ್ನು ಪೂರ್ತಿ ಇಳಿಸಬೇಕು. ಕಾರ್ವೆಟ್ಟಿನ ಕ್ಲಚ್ಚಿಗೆ ಕೆಳಗೆ ಮಲಗಿದರೆ ಸಾಕು.

ಲೆಕ್ಕಪತ್ರ (ಬೆಂಗಳೂರು) · ಬುಧವಾರ

ಮೂರು ದಿನದಿಂದ ಓದುತ್ತಿದ್ದೇನೆ. ಬೆಲೆ ಎಂದರೆ ಹರಾಜಿನ ಅಂಕಿಗಳನ್ನು ಯಾರಾದರೂ ಎಳೆದು ತರುತ್ತಾರೆಂದು ಕಾಯುತ್ತಿದ್ದೆ. ಯಾರೂ ತರಲಿಲ್ಲ, ನಾನೇ ತರುತ್ತೇನೆ, ಆಮೇಲೆ ಕಸದ ಬುಟ್ಟಿಗೆ ಹಾಕುತ್ತೇನೆ.

2017ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಆಸ್ಟನ್ ಮಾರ್ಟಿನ್ ಡಿಬಿಆರ್1 ಸರಣಿಯ ಮೊದಲ ಕಾರು 2 ಕೋಟಿ 25.5 ಲಕ್ಷ ಡಾಲರಿಗೆ ಹೋಯಿತು. ಅದರ ಹಿಂದಿನ ವರ್ಷ ಅಲ್ಲಿಯೇ, 1956ರ ಲ ಮಾನ್ಸ್ ಗೆದ್ದ ಜಾಗ್ವಾರ್ ಡಿ-ಟೈಪ್ 2 ಕೋಟಿ 17.8 ಲಕ್ಷಕ್ಕೆ ಹೋಗಿತ್ತು. ಅದೇ 2016ರ ಹರಾಜಿನಲ್ಲಿ ಶೆಲ್ಬಿಯ ಮೊಟ್ಟಮೊದಲ ಕೋಬ್ರಾ 1 ಕೋಟಿ 37.5 ಲಕ್ಷ ತಂದು, ಅಮೆರಿಕದ ಕಾರಿಗೆ ಅಲ್ಲಿಯವರೆಗೆ ಸಿಕ್ಕ ಅತಿ ಹೆಚ್ಚಿನ ಬೆಲೆ ಎನ್ನಿಸಿಕೊಂಡಿತು. ಕಡಲತಡಿಯವರು ನಗುತ್ತಿರಬೇಕು: 'ಅಮೆರಿಕದ' ಆ ಕಾರಿನ ಚಾಸಿಯೂ ಮೈಯೂ ಬಂದದ್ದು ಇಂಗ್ಲೆಂಡಿನಿಂದ. ಕಾರ್ವೆಟ್‌ಗಳಲ್ಲಿ 1967ರ ಎಲ್88 ಎಂಬುದು ತಯಾರಾದದ್ದೇ 20. ಅವುಗಳಲ್ಲೊಂದು 2014ರಲ್ಲಿ 38.5 ಲಕ್ಷ ಡಾಲರ್ ತಂದಿತು.

ಈ ಅಂಕಿಗಳಿಗೂ ಹಾಸನದವರ ಗ್ಯಾರೇಜಿಗೂ ಸಂಬಂಧವಿಲ್ಲ. ಇವು ಇತಿಹಾಸದ ತುಂಡುಗಳು, ಕಾರುಗಳಲ್ಲ. ಉಳಿದ ಕಾರುಗಳ ಬೆಲೆ ಜನರ ನೆನಪಿನ ಮೇಲೆ ನಿಂತಿದೆ. ಹದಿನೆಂಟರ ವಯಸ್ಸಿನಲ್ಲಿ ಬೀದಿಯಲ್ಲಿ ನಿಂತು ಬಾಯಿ ಬಿಟ್ಟು ನೋಡಿದ ಕಾರನ್ನು ಮನುಷ್ಯ ಅರವತ್ತರಲ್ಲಿ ಕೊಳ್ಳುತ್ತಾನೆ. ಎಂಜಿ ಟಿಸಿ ನೋಡಿ ಬಾಯಿ ಬಿಟ್ಟವರು ಈಗ ಬಹಳ ಮಂದಿ ಉಳಿದಿಲ್ಲ. ಇ-ಟೈಪ್, ಸ್ಟಿಂಗ್ ರೇ ನೋಡಿದವರಿಗೂ ವಯಸ್ಸಾಗಿದೆ. ನಿಮ್ಮ ಮಗಳು ಮಾರುವ ಹೊತ್ತಿಗೆ ಕೊಳ್ಳುವವನು ಯಾವ ಕಾರು ನೋಡಿ ಬೆಳೆದಿರುತ್ತಾನೋ! ಇ-ಟೈಪ್‌ಗೆ ಒಂದು ಅನುಕೂಲವಿದೆ. 1996ರಿಂದ ಅದು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ಸಂಗ್ರಹದಲ್ಲಿದೆ. ಕಾರಿನ ಗಂಧ ಗಾಳಿ ಇಲ್ಲದವರೂ ಅದನ್ನು ಕಂಡರೆ ನಿಲ್ಲುತ್ತಾರೆ.

ಇನ್ನು 1963ರ ಕಾರ್ವೆಟ್ ಕೂಪೆಯ ಹಿಂಗಾಜಿನ ಕಥೆ. ನಡುವೆ ಒಂದು ಪಟ್ಟಿ ಇಳಿಬಿಟ್ಟು ಗಾಜನ್ನು ಎರಡು ಮಾಡಿದ್ದರು, ವಿನ್ಯಾಸದ ಮುಖ್ಯಸ್ಥ ಬಿಲ್ ಮಿಚೆಲ್ ಹಠ ಹಿಡಿದು. ಹಿಂದೆ ಏನೂ ಕಾಣುವುದಿಲ್ಲ ಎಂದು ಡುಂಟೋವ್ ಜಗಳಾಡಿದರು. 1964ಕ್ಕೆ ಪಟ್ಟಿ ಹೋಯಿತು. 63ರ ಕಾರಿದ್ದ ಕೆಲವರು, ತಮ್ಮದು ಹಳತಾಗಿ ಕಾಣುತ್ತದೆಂದು ಪಟ್ಟಿ ಕತ್ತರಿಸಿ 64ರ ಗಾಜು ಹಾಕಿಸಿಕೊಂಡರು. ತಯಾರಾದ 10,594 ಕೂಪೆಗಳಲ್ಲಿ ಪಟ್ಟಿ ಉಳಿಸಿಕೊಂಡವರ ಮಕ್ಕಳು ಇವತ್ತು ಅದೃಷ್ಟವಂತರು. ಮುಂದೆ ಯಾವುದಕ್ಕೆ ಬೆಲೆ ಬರುತ್ತದೆ ಎಂದು ಕಾರಿನ ಒಡೆಯರಿಗೇ ಗೊತ್ತಿರಲಿಲ್ಲ. ನಾವು ಇಲ್ಲಿ ಕುಳಿತು ಹೇಳುವುದೇ?

ಎಣ್ಣೆಕೈ · ಬುಧವಾರ ರಾತ್ರಿ

ಕಾರನ್ನು ಊರಿಗೆ ತರುವ ಯೋಚನೆ ಇದೆಯೇ ಹಾಸನದವರೇ? ಸುಂಕ ಕೇಳಿದರೆ ತಲೆ ತಿರುಗುತ್ತದೆ. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ ವಾಹನಕ್ಕೆ 20,000 ರೂಪಾಯಿ ಶುಲ್ಕದಲ್ಲಿ ಹತ್ತು ವರ್ಷಕ್ಕೆ ಬೇರೆಯೇ ವಿಂಟೇಜ್ ನೋಂದಣಿ ಕೊಡುತ್ತಾರೆ. ಆದರೆ ಅದನ್ನು ದಿನನಿತ್ಯ ರಸ್ತೆಯಲ್ಲಿ ಓಡಿಸುವಂತಿಲ್ಲ. ಪ್ರದರ್ಶನ, ರ್‍ಯಾಲಿ ಅಷ್ಟೆ. ಶಿರಾಡಿ ಇಳಿಯುವ ಆಸೆ ಬಿಟ್ಟುಬಿಡಿ.

ಹಾಸನದವ · ಮೂರು ವಾರಗಳ ನಂತರ

ಎಲ್ಲರೂ ಬೈಯುವುದಕ್ಕೆ ಸಿದ್ಧರಾಗಿ.

ಮೊದಲು 1966ರ ಕಾರ್ವೆಟ್ ನೋಡಲು ಹೋದೆ. ಟಾರ್ಚು ಒಯ್ದಿದ್ದೆ. ಗೆರೆಗಳು ಇದ್ದವು, ಬಾಚಿದ ಹಾಗೆಯೇ. ತಾರೀಕು ತಾಳೆಯಾಯಿತು. ಬೆಲೆಯೂ ಅದಕ್ಕೆ ತಕ್ಕ ಹಾಗಿತ್ತು. ಒಡೆಯರು ಸಜ್ಜನರು, ಓಡಿಸಲು ಕೀಲಿ ಕೊಟ್ಟರು. ಆದರೆ ನಾನು ಒಂದೊಂದು ಮೈಲಿ ಹೋದಾಗಲೂ ಅವರ ಕಣ್ಣು ಮೀಟರಿನ ಮೇಲೇ ಇತ್ತು. ಕೊಂಡರೆ ನಾಳೆ ನನ್ನ ಕಣ್ಣೂ ಅಲ್ಲೇ ಇರುತ್ತದೆ ಎನ್ನಿಸಿತು.

ಆಮೇಲೆ ಓಹಾಯೋದಲ್ಲಿ 1967ರ ಇ-ಟೈಪ್, 4.2. ಮಾರುವವರು ಫೋನಿನಲ್ಲಿ ಸ್ವಲ್ಪ ನಾಚಿಕೆಯಿಂದ, ಅದು 2+2 ಎಂದರು. ಗೊತ್ತಿಲ್ಲದವರಿಗೆ: 1966ರಲ್ಲಿ ಬಂದ ಈ ಮಾದರಿಗೆ ಚಕ್ರಗಳ ನಡುವಿನ ಅಂತರ 9 ಅಂಗುಲ ಹೆಚ್ಚು, ಹಿಂದೆ ಮಕ್ಕಳು ಕೂರುವಷ್ಟು ಸೀಟು, ಮೇಲ್ಛಾವಣಿ ತುಸು ಎತ್ತರ. ಸಂಗ್ರಾಹಕರಿಗೆ ಇದೆಂದರೆ ಅಷ್ಟಕ್ಕಷ್ಟೇ, ಮೈಯ ಅಂದ ಕೆಟ್ಟಿತು ಎನ್ನುತ್ತಾರೆ. ಹಾಗಾಗಿ ಅದೇ ವರ್ಷದ ಎರಡು ಸೀಟಿನದಕ್ಕಿಂತ ಬಹಳ ಕಡಿಮೆ ಬೆಲೆ. ಹೊಸ್ತಿಲ ಪಟ್ಟಿ ಗಟ್ಟಿಯಾಗಿದೆ. ಜಾಕ್ ಕೊಟ್ಟು ನೋಡಿದೆ, ಬಾಗಿಲ ಸಂದು ಮಿಸುಕಲಿಲ್ಲ. ಹಿಂದಿನ ಸೀಟಿನಲ್ಲಿ ಆರು ವರ್ಷದ ಮೊಮ್ಮಗ ಕುಳಿತು, ಇಳಿಯುವುದಿಲ್ಲ ಎಂದ. ಅಲ್ಲಿಗೆ ವ್ಯಾಪಾರ ಮುಗಿಯಿತು. ಲೆಕ್ಕಪತ್ರದವರೇ, ಮುಂದಿನ ಗಿರಾಕಿ ಬಾಯಿ ಬಿಟ್ಟು ನೋಡುತ್ತಿದ್ದಾನೆ.

ಬಾನೆಟ್ ಎತ್ತಿದಾಗ ಇಡೀ ಮೂಗು ಮುಂದಕ್ಕೆ ಮಗುಚಿತು. ಬಲಕ್ಕೆ ಸಾಲಾಗಿ ಮೂರು ಎಸ್‌ಯು. ಅಪ್ಪನ ಗಾಡಿಯಲ್ಲಿದ್ದ ಅದೇ ಹಿತ್ತಾಳೆ ಮುಚ್ಚಳ, ಅದೇ ಗಂಟೆಯಾಕಾರ. ತಿರುಗಿಸಿ ತೆಗೆದೆ, ವಾಸನೆಯೂ ಅದೇ. ಎಣ್ಣೆಕೈ ಅವರೇ, ಎಂಜಿನ್ ಚೆನ್ನಾಗಿಯೇ ಶುರುವಾಗುತ್ತದೆ, ಆದರೆ ಒಮ್ಮೆಲೇ ಪೆಡಲ್ ಒತ್ತಿದರೆ ಒಂದು ಕ್ಷಣ ತಡವರಿಸಿ ಆಮೇಲೆ ಓಡುತ್ತದೆ. ಏನು ಮಾಡಲಿ?

ಎಂಟು ಸಿಲಿಂಡರ್ · ಅದೇ ರಾತ್ರಿ

ಬೈಯುವುದಿಲ್ಲ. ಹೊಟ್ಟೆ ಉರಿಯುತ್ತಿದೆ, ಅಷ್ಟೇ.

ಎಣ್ಣೆಕೈ · ಮರುದಿನ ಬೆಳಿಗ್ಗೆ

ಮುಚ್ಚಳಕ್ಕೆ ಅಂಟಿಕೊಂಡು ಒಂದು ಕಡ್ಡಿ ಕೆಳಗಿಳಿದಿರುತ್ತದೆ ನೋಡಿ, ಅದು ಎಣ್ಣೆಯಲ್ಲಿ ಮುಳುಗಿರಬೇಕು. ಎಣ್ಣೆ ಕಡಿಮೆಯಾದರೆ ಪಿಸ್ಟನ್ ಸರ್ರನೆ ಮೇಲೇರಿ, ಪೆಟ್ರೋಲಿಗಿಂತ ಮೊದಲು ಗಾಳಿ ಒಳನುಗ್ಗುತ್ತದೆ. ನೀವು ಹೇಳುವ ತಡವರಿಕೆ ಅದೇ. ಮೂರಕ್ಕೂ 20ರ ತೆಳು ಎಣ್ಣೆ ಹಾಕಿ. ಮುಚ್ಚಳವನ್ನು ಕೂರಿಸುತ್ತಾ ಬಂದಾಗ, ಇನ್ನು ಕಾಲಂಗುಲ ಬಾಕಿ ಇದೆ ಎನ್ನುವಾಗ ಬೆರಳಿಗೆ ತಡೆ ಸಿಗಬೇಕು. ಅಷ್ಟೇ ಅಳತೆ.

ಆಮೇಲೆ ಒಂದು ಗೇಣು ರಬ್ಬರ್ ಕೊಳವೆ ತೆಗೆದುಕೊಳ್ಳಿ. ಒಂದು ತುದಿ ಕಿವಿಗೆ, ಇನ್ನೊಂದು ಒಂದೊಂದೇ ಕಾರ್ಬುರೇಟರ್‌ನ ಬಾಯಿಗೆ. ಮೂರೂ ಒಂದೇ ಶ್ರುತಿಯಲ್ಲಿ ಹಿಸ್ಸೆನ್ನಬೇಕು. ಭಾನುವಾರ ಇಲ್ಲಿನ ಸಂಜೆ ಏಳಕ್ಕೆ ವಿಡಿಯೋ ಕರೆ ಮಾಡಿ, ಫೋನನ್ನು ಎಂಜಿನ್ ಹತ್ತಿರ ಹಿಡಿಯಿರಿ. ನಾನೂ ಕೇಳುತ್ತೇನೆ.